ರದ್ದಿಗೆ ಸರಿಯಾದ ನಂಬರ್ ಹಾಕಿಕೊಟ್ಟ ಆಫೀಸು: ಐದಕ್ಕೆ ನಾಲ್ಕು ಸ್ಟಾರ್

ಹಾಸನದಲ್ಲಿ ಹನ್ನೊಂದು ವರ್ಷದಿಂದ ರದ್ದಿ ಪೇಪರ್ ವ್ಯಾಪಾರ ನಮ್ಮದು. ಅಂಗಡಿಗಳ ರಟ್ಟು, ಪ್ರೆಸ್‌ಗಳ ಕಟಿಂಗ್, ಮನೆಗಳ ಹಳೇ ನ್ಯೂಸ್‌ಪೇಪರ್ ಎಲ್ಲ ತಂದು, ಒತ್ತಿ ಬೇಲ್ (ದೊಡ್ಡ ಕಟ್ಟು) ಕಟ್ಟಿ ಪೇಪರ್ ಮಿಲ್‌ಗೆ ಕಳಿಸುತ್ತೇವೆ. ಬಿಲ್‌ನಲ್ಲಿರುವ ಎಚ್‌ಎಸ್‌ಎನ್ ಕೋಡ್, ಅಂದರೆ ಮಾಲು ಯಾವುದು ಅಂತ ತೆರಿಗೆಗೆ ಗುರುತಿಸುವ ನಂಬರ್, ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡವಳೇ ಅಲ್ಲ. ಹೋದ ವರ್ಷ ಲೆಕ್ಕ ಬರೆಯುವವರು ಹಳೇ ರಟ್ಟಿನ ಲೋಡಿಗೆ 4819 ಹಾಕಿಬಿಟ್ಟರು. ಅದು ರಟ್ಟಿನ ಡಬ್ಬದ ಕೋಡ್, ರದ್ದಿಯದ್ದಲ್ಲ! ಮಿಲ್‌ನವರು ಬಿಲ್ ವಾಪಸ್ ಕಳಿಸಿದರು. ದುಡ್ಡು ಕೈಗೆ ಬರಲು ಒಂದೂವರೆ ತಿಂಗಳು.

ಅದಾದ ಮೇಲೆ ಸಾಲಗಾಮೆ ರಸ್ತೆಯ ಈ ತೆರಿಗೆ ಸಲಹೆಗಾರರ ಹತ್ತಿರ ಹೋದೆ. ಆಫೀಸು ಎರಡನೇ ಮಹಡಿ, ಮೆಟ್ಟಿಲು ಕಡಿದು. ಮಂಡಿನೋವು ಇದ್ದವರು ಯೋಚನೆ ಮಾಡಿ ಹೊರಡಿ. ಫೋನ್ ಅಂತೂ ಎತ್ತುವುದೇ ಇಲ್ಲ. ಒಂದು ಸ್ಟಾರ್ ಹೋಗಿದ್ದು ಅದಕ್ಕೇ.

ಬರುವಾಗ ಸ್ಯಾಂಪಲ್ ತನ್ನಿ ಅಂದಿದ್ದರು. ಅಕ್ಕಿ ಚೀಲದಲ್ಲಿ ತುಂಬಿಕೊಂಡು ಹೋದೆ. ಎಲ್ಲ ಟೇಬಲ್ ಮೇಲೆ ಸುರಿಸಿಕೊಂಡು ಒಂದೊಂದನ್ನೇ ಹರಿಯುತ್ತಾ ಕೂತರು. "ಇವೆಲ್ಲ ಕಸ್ಟಮ್ಸ್ ಪಟ್ಟಿಯ ನಂಬರೇ ಮೇಡಂ. ರದ್ದಿ ಪೇಪರ್ ಅಂದರೆ 4707. ಅದೇ ಪೇಪರ್ ಮಿಲ್‌ನಲ್ಲಿ ನೆನೆದು ಪಲ್ಪ್ (ಮುದ್ದೆ) ಆಯಿತು ಅಂದರೆ 4706." ನಮ್ಮಂಥ 5 ಕೋಟಿ ಒಳಗಿನ ವಹಿವಾಟಿಗೆ ನಾಲ್ಕು ಅಂಕಿ ಸಾಕಂತೆ. ಆದರೆ ನಮ್ಮ ಮಿಲ್‌ನವರು ಆರು ಅಂಕಿ ಕೇಳುತ್ತಾರೆ.

ರಟ್ಟು ಹರಿದರು. ಎರಡು ಕಂದು ಹಾಳೆ, ನಡುವೆ ಅಲೆ ಅಲೆ. 470710. ನೋಟ್‌ಬುಕ್ಕಿನ ಬಿಳಿ ಕಟಿಂಗ್ 470720, ನ್ಯೂಸ್‌ಪೇಪರ್ 470730. ಇವೆರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. ಕಿಟಕಿ ಕಟ್ಟೆ ಮೇಲೆ ಬಿಸಿಲಿಗೆ ಬಿದ್ದಿದ್ದ ಹಳೇ ಪೇಪರ್ ಎತ್ತಿ ಕೊಟ್ಟರು. ಮೇಲಿನ ಹಾಳೆ ಅರಿಶಿನ ಬಳಿದ ಹಾಗಿತ್ತು. ನ್ಯೂಸ್‌ಪೇಪರ್ ಹೆಚ್ಚಾಗಿ ಮರ ಅರೆದು ಮಾಡಿದ ಪಲ್ಪ್‌ನದು. ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನೋ ಅಂಶ ಅದರಲ್ಲೇ ಉಳಿದಿರುತ್ತದೆ, ಬಿಸಿಲಿಗೆ ಹಳದಿ ತಿರುಗುತ್ತದೆ. ಬಿಳಿ ಕಟಿಂಗ್‌ನ ಪಲ್ಪ್ ಕೆಮಿಕಲ್‌ನಲ್ಲಿ ಬೇಯಿಸಿ ಬಿಳುಪು ಮಾಡಿದ್ದು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಮಾಲು, ನನಗೆ ಇದು ಗೊತ್ತಿರಲಿಲ್ಲ ನೋಡಿ.

ಆಮೇಲೆ ಲಗ್ನಪತ್ರಿಕೆಯ ಗುಲಾಬಿ ಕಟಿಂಗ್ ತೆಗೆದರು. ನಾನು ಅದನ್ನು ಬಿಳಿ ಕಟಿಂಗ್ ಜೊತೆಗೇ ಹಾಕುತ್ತಿದ್ದೆ. ಹರಿದು ಅಂಚು ತೋರಿಸಿದರು. ಒಳಗೂ ಗುಲಾಬಿ. ಬಣ್ಣ ಪಲ್ಪ್‌ಗೇ ಸೇರಿದ್ದರೆ ಅದು 470790. ಬಿಳಿ ಹಾಳೆ ಮೇಲೆ ಬರೀ ಪ್ರಿಂಟ್ ಆಗಿದ್ದರೆ ಹಾಗಲ್ಲ. ಬೇರ್ಪಡಿಸದೆ ಎಲ್ಲ ಕಲಸಿ ಕಟ್ಟಿದ ಬೇಲ್ ಕೂಡ 470790ಕ್ಕೇ ಹೋಗುತ್ತದೆ. ರಟ್ಟಿನ ಬೇಲ್‌ನಲ್ಲಿ ನಾಲ್ಕು ನ್ಯೂಸ್‌ಪೇಪರ್ ಸೇರಿಕೊಂಡರೆ ಏನೂ ಆಗಲ್ಲ.

ಕಟ್ಟಿನಕೆರೆ ಮಾರ್ಕೆಟ್‌ನ ಅಂಗಡಿಯವರು ಪೊಟ್ಟಣ ಕಟ್ಟಲು ನ್ಯೂಸ್‌ಪೇಪರ್ ಒಯ್ಯುತ್ತಾರಲ್ಲ, ಅದಕ್ಕೆ ಬೇರೆ ಕೋಡ್ ಬೇಕಾ ಅಂದೆ. ಬೇಡವಂತೆ. ಪ್ಯಾಕಿಂಗ್‌ಗೆ ಹೋದರೂ ರದ್ದಿ ರದ್ದಿಯೇ, 4707.

ಮುಕ್ಕಾಲು ಗಂಟೆಗೆ 700 ರೂಪಾಯಿ. ಜಾಸ್ತಿ ಅನಿಸಲಿಲ್ಲ. ಒಂದು ಹಾಳೆಯಲ್ಲಿ ಕೋಡ್ ಎಲ್ಲ ಬರೆದೂ ಕೊಟ್ಟರು. ಬೇಲಿಂಗ್ ಮೆಷಿನ್ ಪಕ್ಕ ಅಂಟಿಸಿದ್ದೇನೆ. ನಮ್ಮ ಹುಡುಗ ಈಗ ಬಣ್ಣದ ಕಾಗದ ಕಂಡರೆ ಸಾಕು, ಹರಿದು ಅಂಚು ನೋಡುತ್ತಾನೆ. ಮೊನ್ನೆ ನೆಂಟರು ಕೊಟ್ಟು ಹೋದ ಮದುವೆ ಕಾರ್ಡನ್ನೂ ಹರಿದಿದ್ದ. ಮುಹೂರ್ತದ ಟೈಮ್ ಇದ್ದ ಅರ್ಧ ಇನ್ನೂ ಸಿಕ್ಕಿಲ್ಲ.