ಎಂಟು ಗಜದ ಕಿಲ್ಟ್, ಎಂಟು ತಿಂಗಳ ಆಫೀಸು

ಎಡಿನ್‌ಬರೋದಲ್ಲಿ ನನ್ನ ಆಫೀಸಿನ ಡ್ರೆಸ್ ಕೋಡ್ ಬಿಸಿನೆಸ್ ಕ್ಯಾಶುಯಲ್. ಕಾಲರ್ ಇರುವ ಶರ್ಟು, ಒಳ್ಳೆ ಪ್ಯಾಂಟು, ಲೆದರ್ ಶೂ. ಹರಿದ ಜೀನ್ಸ್ ಬೇಡ, ಚಡ್ಡಿ ಬೇಡ. ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ನೆರಿಗೆಯ ಉಡುಪು, ಅದರ ಬಗ್ಗೆ ಒಂದು ಮಾತೂ ಇಲ್ಲ. ಮ್ಯಾನೇಜರ್ ಹತ್ತಿರ ಕೇಳಿದೆ. ತಮ್ಮ ಮದುವೆಗೆ ಅದನ್ನೇ ಉಟ್ಟವರು ಅವರು. "ಧಾರಾಳವಾಗಿ ಉಟ್ಟುಕೊಂಡು ಬಾ" ಅಂದರು. ಅಕ್ಟೋಬರ್‌ನಿಂದ ವಾರಕ್ಕೆ ಎರಡು ದಿನ ಉಟ್ಟು ಹೋಗುತ್ತಿದ್ದೇನೆ.

ಮೊದಲು ತಂದದ್ದು ಕೈಕೊಟ್ಟಿತು. ಪ್ರವಾಸಿಗರ ಬೀದಿಯ ಒಂದು ಅಂಗಡಿಯಲ್ಲಿ 45 ಪೌಂಡಿಗೆ ಸಿಗುತ್ತದೆ ಅಂತ ಹಿಂದೆ ಮುಂದೆ ನೋಡದೆ ತಗೊಂಡೆ. ಬಟ್ಟೆ ಅಕ್ರಿಲಿಕ್. ಊಟದ ಹೊತ್ತಿಗೆ ಹಿಂದಿನ ನೆರಿಗೆಯೆಲ್ಲ ಮುದುಡಿ ಹೋಗಿತ್ತು. ಟ್ರಾಮ್ ಸ್ಟಾಪಿನಲ್ಲಿ ಗಾಳಿ ಬೀಸಿದಾಗ ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕಾಯಿತು. ಸೈಜೂ ಸರಿ ಇರಲಿಲ್ಲ, ಯಾಕೆಂದರೆ ನಾನು ಹೇಳಿದ್ದು ಜೀನ್ಸ್ ಅಳತೆ. ಕಿಲ್ಟ್ ಕೂರುವುದು ಹೊಕ್ಕುಳ ಮಟ್ಟದಲ್ಲಿ. ಅಲ್ಲಿ ನನ್ನ ಸುತ್ತಳತೆ ಮೂರು ಇಂಚು ಜಾಸ್ತಿ. ಇದನ್ನು ಅಂಗಡಿಯವರು ಕೇಳಲೂ ಇಲ್ಲ, ಹೇಳಲೂ ಇಲ್ಲ.

ಎರಡನೆಯದು ಕೈಹೊಲಿಗೆಯದು. ಊರಿನ ಬಂದರು ಭಾಗವಾದ ಲೀತ್ ಕಡೆ ಇರುವ ಒಂದು ಸಣ್ಣ ಕೋಣೆ, ಒಬ್ಬರೇ ಹಿರಿಯ ಹೆಂಗಸು ಹೊಲಿಯುತ್ತಾರೆ. ಸೊಂಟ, ಪೃಷ್ಠ, ಉದ್ದ, ಮೂರೂ ಅಳತೆಯನ್ನು ಎರಡೆರಡು ಸಲ ತೆಗೆದರು. ಉದ್ದ ಮಂಡಿಚಿಪ್ಪಿನ ನಡುವಿಗೆ ಬರಬೇಕು, ಅದರ ಕೆಳಗೆ ಬಂದರೆ ಲಂಗದ ಹಾಗೆ ಕಾಣುತ್ತದೆ ಅಂದರು. 560 ಪೌಂಡು, ಹತ್ತು ವಾರ ಕಾಯಬೇಕು. ದುಡ್ಡು ಜಾಸ್ತಿ ಅಂತ ಅವತ್ತು ಅನ್ನಿಸಿದ್ದು ನಿಜ.

ಈಗ ಹಾಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ನೆರಿಗೆ. ಡಬಲ್ ಅಗಲದ ನಾಲ್ಕು ಗಜ ಉಣ್ಣೆ ಬಟ್ಟೆಯನ್ನು ಉದ್ದಕ್ಕೆ ಸೀಳಿ, ತುದಿಗೆ ತುದಿ ಜೋಡಿಸಿ ಎಂಟು ಗಜ ಮಾಡುತ್ತಾರೆ. ಮುಂದೆ ಎರಡು ಪದರ ಸಪಾಟು, ಉಳಿದದ್ದೆಲ್ಲ ಹಿಂದೆ ನೆರಿಗೆ. ಒಂದೊಂದು ನೆರಿಗೆಯನ್ನೂ ಚೌಕಳಿಯ ಲೆಕ್ಕ ನೋಡಿಯೇ ಮಡಚಬೇಕು. ನನ್ನದನ್ನು ಮೇಜಿನ ಮೇಲೆ ಹರಡಿ ನೋಡಿದೆ. ಅಷ್ಟು ಬಟ್ಟೆ ಒಳಗೆ ಹೋಗಿದ್ದರೂ ಹೊರಗಿನಿಂದ ನೋಡಿದರೆ ಚೌಕಳಿ ಎಲ್ಲೂ ತಪ್ಪಿಲ್ಲ, ನೆಯ್ದ ಹಾಗೆಯೇ ಮುಂದುವರಿದಿದೆ. ಒಳಮೈ ತಿರುಗಿಸಿದರೆ ಸಣ್ಣ ಸಣ್ಣ ಕೈಹೊಲಿಗೆಯ ಸಾಲು. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಈ ನೆರಿಗೆ ಯಾರು ಹಿಡಿದದ್ದು ಮಗಾ?"

ಅವಳಿಗೆ ಅದು ಕಂಡದ್ದು ಸಹಜ ಅಲ್ವಾ. ಮನೆಯಲ್ಲಿ ಅಜ್ಜ ಉಡುತ್ತಿದ್ದದ್ದು ಎಂಟು ಮೊಳದ ಪಂಚೆ. ಎಂಟು ಮೊಳ ಅಂದರೆ ಸರಿಯಾಗಿ ನಾಲ್ಕು ಗಜ. ಹಳೆಯ ಕಾಲದ ಕಿಲ್ಟ್ ಕೂಡ ಹೊಲಿಗೆ ಇಲ್ಲದ ಉದ್ದ ಬಟ್ಟೆಯೇ. ನೆರಿಗೆ ಹಿಡಿದು, ಸೊಂಟಕ್ಕೆ ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಬ್ರಿಟಿಷ್ ಸಂಸತ್ತಿನ 1746ರ ಕಾಯ್ದೆ ಈ ಉಡುಪನ್ನೇ ನಿಷೇಧಿಸಿತು. 1782ರವರೆಗೆ ಹಾಗೇ ಇತ್ತು. ಒಂದು ಬಟ್ಟೆ ಉಟ್ಟದ್ದಕ್ಕೆ ಜೈಲು ಅಂದರೆ ಹೊಟ್ಟೆ ಉರಿಯುತ್ತದೆ.

ಇಲ್ಲಿ ಎಷ್ಟೋ ಚೌಕಳಿಗಳು ಒಂದೊಂದು ಮನೆತನದ ಹೆಸರಿನವು. ಬಣ್ಣ ಆರಿಸುವಾಗ ನನಗೆ ಸ್ಕಾಟಿಷ್ ಮನೆತನ ಇಲ್ಲವಲ್ಲ ಅಂತ ಹಿಂಜರಿದೆ. ಬ್ಲ್ಯಾಕ್ ವಾಚ್ ಅನ್ನುವ ಚೌಕಳಿಯನ್ನು ಯಾರು ಬೇಕಾದರೂ ಉಡಬಹುದು ಅಂದರು ಹೊಲಿಯುವವರು. ಗಾಢ ನೀಲಿ, ಹಸಿರು, ಕಪ್ಪು. ಆಫೀಸಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ, ಬಿಳಿ ಶರ್ಟಿಗೂ ಬೂದು ಸ್ವೆಟರಿಗೂ ಒಪ್ಪುತ್ತದೆ. ಆಮೇಲೆ ಗೊತ್ತಾಯಿತು, ಈ ಚೌಕಳಿ ಉಡುತ್ತಿದ್ದ ಸ್ಕಾಟಿಷ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ 1783ರಲ್ಲಿ ಮಂಗಳೂರಿನ ಕೋಟೆಯೊಳಗೆ ಟಿಪ್ಪುವಿನ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಕಾದಾಡಿತ್ತು ಅಂತ. ಅವರ ಯುದ್ಧಗೌರವಗಳ ಪಟ್ಟಿಯಲ್ಲಿ ನನ್ನ ಊರಿನ ಹೆಸರಿದೆ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಉಡುವುದು ಕಲಿತರೆ ಎರಡು ನಿಮಿಷದ ಕೆಲಸ. ಒಳಪದರದ ಪಟ್ಟಿಯನ್ನು ಎಡಸೊಂಟದ ಸೀಳಿನಿಂದ ಹೊರಗೆ ಎಳೆದು ಬಕಲ್ ಹಾಕಬೇಕು. ಹೊರಪದರ ಬಲಕ್ಕೆ ಬಂದು ಅಲ್ಲಿ ಬಕಲ್. ಕಿಲ್ಟ್ ಪಿನ್ನನ್ನು ಹೊರಪದರಕ್ಕೆ ಮಾತ್ರ ಚುಚ್ಚಿ. ಎರಡಕ್ಕೂ ಸೇರಿಸಿ ಚುಚ್ಚಿದರೆ ಕೂತಾಗ ಬಟ್ಟೆ ಹರಿಯುತ್ತದೆ. ಕೂರುವ ಮುಂಚೆ ಕೈಯನ್ನು ಹಿಂದೆ ಸವರಿ ನೆರಿಗೆಯನ್ನು ಕೆಳಗೆ ಸರಿಮಾಡಿ ಕೂತುಬಿಡಿ, ಇಷ್ಟೇ. ಮೂರು ತಾಸು ಮೀಟಿಂಗ್ ಮುಗಿಸಿ ಎದ್ದರೂ ನನ್ನದರ ನೆರಿಗೆ ಇದ್ದ ಹಾಗೇ ಇಳಿದು ನಿಲ್ಲುತ್ತದೆ. ಡಬಲ್ ಅಗಲದ ಗಜಕ್ಕೆ 13 ಔನ್ಸ್ ತೂಗುವ ಉಣ್ಣೆ, ಒಟ್ಟು ಒಂದೂವರೆ ಕಿಲೋ ಹತ್ತಿರ. ಆ ಭಾರ ಇರುವುದರಿಂದಲೇ ಈ ಊರಿನ ಗಾಳಿಗೂ ಹೆದರಬೇಕಾಗಿಲ್ಲ.

ಜೇಬು ಇಲ್ಲ. ಹಾಗಾಗಿ ಸ್ಪೋರನ್, ಅಂದರೆ ಸೊಂಟದಿಂದ ಮುಂದೆ ತೂಗುವ ಚೀಲ, ಬೇಕೇ ಬೇಕು. ಕೂದಲಿನದ್ದು ಮದುವೆಗೆ, ಆಫೀಸಿಗೆ ಸಾದಾ ಲೆದರಿನದ್ದು ಸಾಕು. ಐಡಿ ಕಾರ್ಡು, ಫೋನು ಹಿಡಿಯುತ್ತವೆ. ಮೇಜಿನ ಮುಂದೆ ಕೂತಾಗ ಪಕ್ಕಕ್ಕೆ ತಳ್ಳಿಕೊಳ್ಳಿ. ಬೂದು ಬಣ್ಣದ ಮಂಡಿಯುದ್ದದ ಸಾಕ್ಸ್, ದಿನಾ ಹಾಕುವ ಕಪ್ಪು ಶೂ. ಸಾಕ್ಸಿಗೆ ಸಿಕ್ಕಿಸುವ ಚಿಕ್ಕ ಚಾಕು ಮನೆಯಲ್ಲೇ ಇರಲಿ. ಒಳಗೆ ಚಡ್ಡಿ ಹಾಕಲೇಬೇಕು. ಆಫೀಸಿನಲ್ಲಿ ಗಾಜಿನ ಮೆಟ್ಟಿಲಿದೆ, ಜೊತೆಯಲ್ಲಿ ಕೆಲಸ ಮಾಡುವವರ ಮರ್ಯಾದೆಯ ಪ್ರಶ್ನೆ ಇದು. ಒಳಗೇನಿದೆ ಅಂತ ಕೇಳುವವರು ಸಿಗುತ್ತಾರೆ. "ಬಟ್ಟೆ ಇದೆ" ಅಂತ ಹೇಳಿ ಕೆಲಸಕ್ಕೆ ಹೋಗುತ್ತೇನೆ.

ತೊಂದರೆಗಳೂ ಇವೆ. ಸೈಕಲ್ಲಿಗೆ ಆಗುವುದೇ ಇಲ್ಲ. ಹೀಟರ್ ಜಾಸ್ತಿ ಇಟ್ಟ ದಿನ ಸೊಂಟದ ಸುತ್ತ ಬೆವರುತ್ತದೆ, ಅಲ್ಲಿ ಪದರ ಜಾಸ್ತಿ. ನೆನೆದರೆ ಒಣಗಲು ಒಂದೂವರೆ ದಿನ ಬೇಕು. ವಾಷಿಂಗ್ ಮಷಿನ್ನಿಗೆ ಹಾಕುವ ಹಾಗಿಲ್ಲ. ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಟ್ಟು, ಕ್ಲಿಪ್ಪಿನ ಹ್ಯಾಂಗರಿಗೆ ತೂಗುಹಾಕುತ್ತೇನೆ. ಇಸ್ತ್ರಿ ಮಾಡುವಾಗ ಮೊದಲು ನೆರಿಗೆಗೆ ಕಚ್ಚಾ ಹೊಲಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಹಾಸಿ ಒತ್ತಬೇಕು. ಭಾನುವಾರದ ಒಂದು ತಾಸು ಇದಕ್ಕೇ ಹೋಗುತ್ತದೆ.

ಚಳಿಗಾಲದಲ್ಲಿ ಮೈ ಬಂದು ಬಕಲ್ ಬಿಗಿಯಾಯಿತು. ಕಳೆದ ವಾರ ಲೀತ್‌ಗೆ ಹೋದೆ. ಅವರು ಪಟ್ಟಿ ಬಿಚ್ಚಿ ಒಂದು ಇಂಚು ಈಚೆ ಹೊಲಿದುಕೊಟ್ಟರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.