ನೋಟೊ ಸ್ಯಾನ್ಸ್ ಕನ್ನಡ: ಪರದೆಗೆ ಸೈ, ಪುಸ್ತಕಕ್ಕೆ ಬೇಡ

ಗೂಗಲ್ ಉಚಿತವಾಗಿ ಕೊಡುವ ಯೂನಿಕೋಡ್ ಫಾಂಟ್ ಇದು. ಗೆರೆಗಳು ಹೆಚ್ಚೂಕಡಿಮೆ ಒಂದೇ ದಪ್ಪ. ವೇರಿಯಬಲ್ ಫೈಲಿನಲ್ಲಿ (ಎಲ್ಲ ದಪ್ಪ, ಅಗಲಗಳೂ ಒಂದೇ ಫೈಲಿನೊಳಗೆ) ದಪ್ಪವನ್ನು 100ರಿಂದ 900ರವರೆಗೆ, ಅಗಲವನ್ನು ಶೇ. 62.5ರಿಂದ 100ರವರೆಗೆ ಹೊಂದಿಸಬಹುದು. ವರ್ಡ್ ಬಳಸುವವರು ದಪ್ಪಕ್ಕೊಂದರಂತೆ ಬರುವ ಸ್ಟ್ಯಾಟಿಕ್ ಫೈಲುಗಳನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಮೊದಲು, ಕಾಣುತ್ತಿರುವುದು ನಿಜಕ್ಕೂ ಇದೇ ಫಾಂಟೇ ಎಂದು ನೋಡಿಕೊಳ್ಳಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವಿಂಡೋಸ್ ಸದ್ದಿಲ್ಲದೆ ನಿರ್ಮಲಾ ಯುಐ ಅಥವಾ ತುಂಗಾವನ್ನು ತಂದು ಕೂರಿಸುತ್ತದೆ. ವರ್ಡ್‌ನಲ್ಲಿ ಕಂಟ್ರೋಲ್-ಡಿ ಒತ್ತಿ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಡಿಯ ಹೆಸರು ನೋಡಿ; ಕನ್ನಡಕ್ಕೆ ಲೆಕ್ಕ ಅದು. ಪಿಡಿಎಫ್ ಆದರೆ ಪ್ರಾಪರ್ಟೀಸ್‌ನ ಫಾಂಟ್ಸ್ ಪುಟದಲ್ಲಿ ಹೆಸರಿನ ಪಕ್ಕ 'ಎಂಬೆಡೆಡ್' (ಫಾಂಟ್ ಕಡತದೊಳಗೇ ಸೇರಿದೆ) ಎಂದಿರಬೇಕು. ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ತೆರೆದು, 'ಕಂಪ್ಯೂಟೆಡ್' ಪಟ್ಟಿಯ ಕೊನೆಯಲ್ಲಿ 'ರೆಂಡರ್ಡ್ ಫಾಂಟ್ಸ್' ನೋಡಿ.

ಆಮೇಲೆ ಈ ಸಾಲನ್ನು ಅಂಟಿಸಿ: ಸ್ತ್ರೀ, ರಾಷ್ಟ್ರೀಯ, ದಾರಿದ್ರ್ಯ, ಸೂರ್ಯ, ರ‍್ಯಾಂಕ್, ಸಾಫ್ಟ್‌ವೇರ್, ಜ್ಞಾನ, ಱ, ೞ, ೧೨೩೪೫೬೭೮೯೦. ಹಳಗನ್ನಡದ ಱ, ೞ ಮಾತ್ರ ಬೇರೆ ದಪ್ಪದಲ್ಲಿ ಕಂಡರೆ ಅವು ಇನ್ನೊಂದು ಫಾಂಟಿನಿಂದ ಬಂದಿವೆ ಎಂದರ್ಥ. 'ಸೂರ್ಯ'ದಲ್ಲಿ ಅರ್ಕಾವತ್ತು ಬರಬೇಕು, 'ರ‍್ಯಾಂಕ್'ನಲ್ಲಿ ಇಡೀ ರಕಾರದ ಕೆಳಗೆ ಯ ಒತ್ತು ಬರಬೇಕು. ನೋಟೊ ಇದನ್ನೆಲ್ಲ ಸರಿಯಾಗಿ ತೋರಿಸುತ್ತದೆ. 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗಿದ್ದರೆ ಫಾಂಟನ್ನು ಬೈಯಬೇಡಿ: ರಕಾರಕ್ಕೂ ಹಲಂತಕ್ಕೂ ನಡುವೆ ಇರಬೇಕಾದ ಝೀರೊ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ ಟೈಪಾಗಿಲ್ಲ, ಇಲ್ಲವೇ ಯಾವುದೋ ವೆಬ್ ಫಾರ್ಮ್ ಅದನ್ನು ಕಿತ್ತುಹಾಕಿದೆ. 'ಸಾಫ್ಟ್ವೇರ್' ಎಂದು ವ ಒತ್ತಾದರೆ ಕಾಣೆಯಾಗಿರುವುದು ಅಕ್ಷರಗಳು ಕೂಡದಂತೆ ತಡೆಯುವ ಇನ್ನೊಂದು ಕಾಣದ ಚಿಹ್ನೆ, ನಾನ್-ಜಾಯ್ನರ್. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಡಿದ್ದರೆ, ಪ್ಯಾರಾಗ್ರಾಫ್ ಮೆನುವಿನಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿದರೆ ಸರಿಹೋಗುತ್ತದೆ.

ಇನ್ನು ಕೊರತೆಗಳು. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸದಲ್ಲಿ ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಅಳತೆಯ 1.2 ಪಟ್ಟು ಇದ್ದರೆ ಒತ್ತಕ್ಷರಗಳ ಬುಡ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಬಟನ್‌ಗಳಲ್ಲಂತೂ ಕತ್ತರಿಸಿಯೇ ಹೋಗುತ್ತದೆ. 1.6 ಇಟ್ಟರೆ ಉಸಿರಾಡುತ್ತದೆ. ದೊಡ್ಡ ತೊಂದರೆ ದಪ್ಪದ್ದು. ದ-ಧ, ಡ-ಢ, ಬ-ಭ, ಪ-ಫ ಜೋಡಿಗಳಲ್ಲಿ ಮಹಾಪ್ರಾಣವನ್ನು ಬೇರೆ ಮಾಡುವುದು ಬುಡದ ಪುಟ್ಟ ಸೀಳು ಅಥವಾ ಗೆರೆ. 800, 900ರ ದಪ್ಪದಲ್ಲಿ, ಸಣ್ಣ ಅಳತೆಯಲ್ಲಿ ಅದು ಮುಚ್ಚಿಹೋಗುತ್ತದೆ. ಜೆರಾಕ್ಸ್ ಆದ ಮೇಲಂತೂ ಹುಡುಕಬೇಕು. ಅರ್ಜಿ ನಮೂನೆಗಳಿಗೆ 400, ಅವುಗಳ ತಲೆಬರಹಕ್ಕೆ 600 ಸಾಕು. ಅತಿ ದಪ್ಪವನ್ನು ಪೋಸ್ಟರಿಗೆ ಇಟ್ಟುಕೊಳ್ಳಿ.

'ನುಡಿ' ಅಥವಾ 'ಬರಹ' ತಂತ್ರಾಂಶದಲ್ಲಿ ಮಾಡಿದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಕಡತ ಆಯ್ದು ಫಾಂಟ್ ಮಾತ್ರ ಬದಲಿಸಿದರೆ ಸಿಗುವುದು ರೋಮನ್ ಅಕ್ಷರಗಳ ಗೋಜಲು. ಮೊದಲು ಕನ್ವರ್ಟರಿನಲ್ಲಿ ಯೂನಿಕೋಡ್ ಮಾಡಿಕೊಳ್ಳಬೇಕು, ಆಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ತಿದ್ದಬೇಕು.

ಪರವಾನಗಿ ಓಪನ್ ಫಾಂಟ್ ಲೈಸೆನ್ಸ್: ವ್ಯಾಪಾರದ ಕೆಲಸಕ್ಕೂ ಬಳಸಬಹುದು, ಆ್ಯಪ್‌ನೊಳಗೆ ಸೇರಿಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ಆ್ಯಪ್, ಉಪಶೀರ್ಷಿಕೆ, ನಮೂನೆಗಳಿಗೆ ಕಣ್ಣುಮುಚ್ಚಿ ಆರಿಸಬಹುದು. ಇನ್ನೂರು ಪುಟದ ಕಾದಂಬರಿಗೆ ಮಾತ್ರ ಈ ಒಂದೇ ದಪ್ಪದ ಗೆರೆ ಕಣ್ಣಿಗೆ ಬೇಸರ; ಅಲ್ಲಿ ಇದರ ಒಡಹುಟ್ಟಿದ ನೋಟೊ ಸೆರಿಫ್ ಕನ್ನಡ ವಾಸಿ.