ವ್ಯಾನಿನ ಕಿಟಕಿ ಗಾಜು ಅಲುಗುತ್ತಿದೆಯೇ? ಸ್ಕ್ರೂ ಹೊಡೆಸಬೇಡಿ

ಹಳೆಯ ಓಮ್ನಿ ಇಟ್ಟುಕೊಂಡವರಿಗೆ ಈ ಸದ್ದು ಗೊತ್ತೇ ಇರುತ್ತದೆ: ಬಾಗಿಲೊಳಗೆ ಯಾರೋ ಕುಳಿತು ಗಾಜು ಕುಟ್ಟುತ್ತಿರುವಂತೆ ಟಕಟಕ. ನನ್ನದು 2009ರ ಗಾಡಿ. ಎಡಬಾಗಿಲಿನ ಗಾಜು ಮೇಲೇರುವಾಗ ಮುಂದಕ್ಕೆ ವಾಲುತ್ತಿತ್ತು, ಹಿಂದಿನ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ. ಸೇಡಂ ರಸ್ತೆ ಹಿಡಿದರೆ ಧೂಳೆಲ್ಲ ಅವ್ವನ ಸೀರೆಯ ಮೇಲೆ.

ಕಲಬುರಗಿಯದೇ ಒಂದು ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ. "ಹತ್ತು ನಿಮಿಷದ ಕೆಲಸ ಸರ್, ಚಹಾ ಕುಡಿದು ಬನ್ನಿ" ಎಂದ. ಆ ಚಹಾ ಕುಡಿದದ್ದೇ ನನ್ನ ತಪ್ಪು. ಮರಳಿ ಬರುವಷ್ಟರಲ್ಲಿ ಗಾಜು ಅಲುಗಾಡದೆ ನಿಂತಿತ್ತು. ನಾನೂರು ರೂಪಾಯಿ ಕೊಟ್ಟು, ಮೇಲೆ ಹೊಗಳಿ ಬಂದೆ.

ಏಪ್ರಿಲ್ ತಿಂಗಳ ಮಧ್ಯಾಹ್ನ, ಗಾಣಗಾಪುರದಿಂದ ಬರುವಾಗ ಚೌಡಾಪುರದಲ್ಲಿ ನೀರು ಕುಡಿಯಲು ನಿಲ್ಲಿಸಿದ್ದೆವು. ಗಾಜು ಅರ್ಧ ಇಳಿದಿತ್ತು. ಅವ್ವ ಬಾಗಿಲನ್ನು ಸ್ವಲ್ಪ ಜೋರಾಗಿ ಎಳೆದುಕೊಂಡಳು. ಪಟಾಕಿ ಸಿಡಿದ ಸದ್ದು. ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗಿ ಅವಳ ಉಡಿ ತುಂಬಿತು. ಕೈಮೇಲೆ ಎರಡು ಗೀರು, ಅಷ್ಟೆ. "ದತ್ತ ಮಹಾರಾಜರು ಕಾಯ್ದರು" ಎಂದಳು. ಚೂಪು ಚೂರುಗಳಾಗದೆ ಹರಳುಗಳಾಗಿ ಒಡೆಯುವುದು ಟೆಂಪರ್ಡ್ ಗಾಜಿನ ಗುಣ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ನಮ್ಮ ಓಣಿಯ ಹಿರಿಯ ಮೆಕ್ಯಾನಿಕ್ ಕಾಕಾ ಒಳಹಲಗೆ ಬಿಚ್ಚಿದರು. ಗಾಜು ಜಾರುವ ಚಾನೆಲ್ ಬಿಗಿಯಾಗಲೆಂದು ಆ ಗ್ಯಾರೇಜಿನವನು ಚೌಕಟ್ಟಿನ ಮೂಲಕವೇ ಸ್ಕ್ರೂ ಹೊಡೆದಿದ್ದ. ಅದರ ಮೊನೆ ಗಾಜಿನ ಅಂಚಿಗೆ ತಾಗುವಂತಿತ್ತು. ಟೆಂಪರ್ಡ್ ಗಾಜು ನಡುವೆ ಗುದ್ದು ತಾಳುತ್ತದೆ, ಅಂಚಿನಲ್ಲಿ ತಾಳುವುದಿಲ್ಲ. ಸಂದಿಗೆ ಟಯರ್ ಟ್ಯೂಬಿನ ತುಂಡು, ಚಾನೆಲ್ಲಿಗೆ ಗ್ರೀಸ್. ಆ ಗ್ರೀಸಿಗೆ ಧೂಳು ಅಂಟಿ ಮರಳುಕಾಗದದಂತಾಗಿತ್ತು. ಎಲ್ಲಕ್ಕಿಂತ ಸಿಟ್ಟು ಬಂದದ್ದು ಬಾಗಿಲಿನ ತಳದ ರಂಧ್ರಗಳಿಗೆ ಸಿಲಿಕೋನ್ ಅಂಟು ಬಳಿದಿದ್ದನ್ನು ನೋಡಿ. ಗಾಜಿನ ಪಕ್ಕದಿಂದ ಇಳಿಯುವ ಮಳೆನೀರು ಹೊರಹೋಗುವುದೇ ಅಲ್ಲಿಂದ. ಒಂದು ಮಳೆಗಾಲ ಕಳೆದಿದ್ದರೆ ತಗಡು ತುಕ್ಕು ಹಿಡಿಯುತ್ತಿತ್ತು.

ನಿಜವಾದ ರೋಗ ಸಣ್ಣದು. ನಮ್ಮ ಬಿಸಿಲಿಗೆ ಚಾನೆಲ್ಲಿನ ರಬ್ಬರು ಒಣಗಿ ಕುಗ್ಗಿತ್ತು, ಗಾಜು ಎತ್ತುವ ಮಷಿನ್‌ನ ಬೋಲ್ಟುಗಳು ಸಡಿಲಗೊಂಡಿದ್ದವು. ಕಾಕಾ ಹೊಸ ರಬ್ಬರು ಕೂರಿಸಿ, ಹೊಸ ಗಾಜನ್ನು ಪೂರ್ತಿ ಮೇಲೇರಿಸಿ, ಎರಡೂ ಮೂಲೆ ಸಮನಾಗಿ ಕೂತ ಮೇಲೆಯೇ ಬೋಲ್ಟು ಬಿಗಿದರು. ಗ್ರೀಸ್ ಒರೆಸಿ ಸಿಲಿಕೋನ್ ಸ್ಪ್ರೇ ಮಾತ್ರ ಹೊಡೆದರು. ಖರ್ಚು ಆ ನಾನೂರರ ಐದು ಪಟ್ಟು.

ಆದ್ದರಿಂದ ಒಳಹಲಗೆ ಬಿಚ್ಚದೆ "ಸರಿ ಮಾಡುತ್ತೇನೆ" ಎನ್ನುವವರಿಗೆ ಬಾಗಿಲು ಮುಟ್ಟಲು ಬಿಡಬೇಡಿ. ಬಿಚ್ಚಿದರೂ ಪಕ್ಕದಲ್ಲೇ ನಿಂತಿರಿ.

ಆ ಸ್ಕ್ರೂವನ್ನು ಜೇಬಿನಲ್ಲಿಟ್ಟುಕೊಂಡು ಮೊದಲಿನ ಗ್ಯಾರೇಜಿಗೂ ಹೋಗಿ ಬಂದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದ: "ಅಲುಗಾಟ ನಿಂತಿತ್ತೋ ಇಲ್ಲವೋ, ಅದನ್ನು ಹೇಳಿ ಸರ್."